ಕೆಂಪು ಬಸ್ಸಿಗೆ ಹೂವು

ಹೊಲದ ಬದುವಿನ ಮೇಲೆ, ದಾಯಾದಿ ಕಟ್ಟಿಸಿದ ಮಹಡಿಯ ಮೇಲೆ, ಹೆಚ್ಚೆಂದರೆ ಭಾವಮೈದುನನ ಹೊಸ ಬೈಕಿನ ಮೇಲೆ ಗಂಡಸರು ಹೊಟ್ಟೆಕಿಚ್ಚು ಪಡುವುದನ್ನು ನೋಡಿದ್ದೇನೆ. ನನಗಿದ್ದದ್ದು ಒಂದು ಬಸ್ಸಿನ ಮೇಲೆ. ಸರ್ಕಾರಿ ಬಸ್ಸು, ಕೆಂಪು ಬಣ್ಣದ್ದು. ಅದರ ಹಿಂದಿನ ಗಾಜು ಬಿರುಕು ಬಿಟ್ಟಿತ್ತು. ಪಕ್ಕದ ತಗಡೊಂದು ಕಿತ್ತು ಬಂದು, ಓಡುವಾಗ ಪಟಪಟ ಬಡಿಯುತ್ತಿತ್ತು. ಅಂಥ ಡಕೋಟ ಬಸ್ಸಿನ ಮೇಲೆ ಹೊಟ್ಟೆ ಉರಿದುಕೊಂಡೆನಲ್ಲ ಎಂದು ಈಗ ಬರೆಯುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ನಾನು ಖಾಸಗಿ ಬಸ್ಸಿನ ಕಂಡಕ್ಟರ್. ಚನ್ನಗಿರಿಯಿಂದ ಹೊನ್ನಾಳಿ, ಅಲ್ಲಿಂದ ನ್ಯಾಮತಿ, ಮತ್ತೆ ವಾಪಸ್. ಮಾಲೀಕರು ಬಸ್ಸಿನ ಹಣೆಯ ಮೇಲೆ ತಮ್ಮ ಮನೆದೇವರ ಹೆಸರನ್ನು ದೊಡ್ಡದಾಗಿ ಬರೆಸಿದ್ದಾರೆ. ಆದರೆ ಜನ ಅದನ್ನು ಕರೆಯುವುದು ‘ಬೆಳಗಿನ ಗಾಡಿ’ ಎಂದೇ. ನಾನು ‘ಬೆಳಗಿನ ಗಾಡಿ ಕಂಡಕ್ಟ್ರು’. ಸಂಜೆ ಸಂತೆಯಲ್ಲಿ ಈರುಳ್ಳಿ ಆರಿಸುತ್ತ ನಿಂತಿದ್ದರೂ ನಾನು ಬೆಳಗಿನ ಗಾಡಿ ಕಂಡಕ್ಟ್ರೇ. ಆ ಹೆಸರು ನನಗೆ ಇಷ್ಟವಿತ್ತು. ಮನೆಯಲ್ಲಿಟ್ಟ ಹೆಸರು ಪಡಿತರ ಚೀಟಿಗೆ ಬಿಟ್ಟರೆ ಬೇರೆಲ್ಲಿಗೂ ಬೇಕಾಗುತ್ತಿರಲಿಲ್ಲ.

ಖಾಸಗಿ ಬಸ್ಸಿನ ಕಂಡಕ್ಟರ್ ಅಂದರೆ ಟಿಕೆಟ್ ಹರಿದು ಕೊಡುವವನು ಮಾತ್ರವಲ್ಲ. ತೋಟದ ದಾರಿಯಲ್ಲಿ ಯಾರಾದರೂ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ ಬರುತ್ತಿದ್ದರೆ ‘ಹೋಲ್ಡಾನ್’ ಎಂದು ಗಾಡಿ ನಿಲ್ಲಿಸುವವನು. ಒಳಗಿದ್ದವರು ಗೊಣಗಿದರೆ ಅವರನ್ನು ಗದರಿಸುವವನು. ಹಾಸ್ಟೆಲಿನ ಮಗಳಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ, ಹೊನ್ನಾಳಿಯ ಮೆಡಿಕಲ್ ಶಾಪಿನಿಂದ ತರಬೇಕಾದ ಗುಳಿಗೆ, ನ್ಯಾಮತಿಯ ತಂಗಿಗೆ ಕಳಿಸುವ ಉಪ್ಪಿನಕಾಯಿ ಭರಣಿ, ‘ನಾಡಿದ್ದು ಹೆಣ್ಣು ನೋಡಾಕೆ ಬರ್ತಾರಂತೆ, ಬಾ ಅಂತ ಹೇಳಪ್ಪ’ ಎಂಬ ಸುದ್ದಿ, ಎಲ್ಲ ನನ್ನ ಕೈಯಲ್ಲೇ ಹೋಗಬೇಕು. ಯಾವ ಹೆಂಗಸಿಗೆ ಯಾವ ಕಿಟಕಿ, ಯಾರಿಗೆ ವಾಂತಿಯ ಕಾಟ, ಯಾರು ಯಾರ ಪಕ್ಕ ಕೂರುವುದಿಲ್ಲ, ಎಲ್ಲ ನನಗೆ ಗೊತ್ತಿತ್ತು. ನಾನಿಲ್ಲದಿದ್ದರೆ ಇವರ ಸಂಸಾರಗಳೇ ನಡೆಯುವುದಿಲ್ಲವೆಂದು ನನಗೆ ಒಳಗೊಳಗೇ ಜಂಬವಿತ್ತು.

ಆಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು.

ಸ್ವಲ್ಪ ದಿನಕ್ಕೆ ನಮ್ಮ ದಾರಿಗೂ ಒಂದು ಕೆಂಪು ಬಸ್ಸು ಬಂತು. ಹೊನ್ನಾಳಿವರೆಗೆ ಮಾತ್ರ ಅದರ ಓಟ. ಆದರೆ ಹೊರಡುವುದು ಸರಿಯಾಗಿ ನಮ್ಮ ಮುಂದೆ. ಮೊದಲ ದಿನ ಸ್ಟ್ಯಾಂಡಿನಲ್ಲಿ ನಮ್ಮ ಹೆಂಗಸರೆಲ್ಲ ಅದಕ್ಕೆ ಹತ್ತುವುದನ್ನು ನೋಡಿ, ಹೊಸದರ ಮೋಜು, ಇಳಿಯುತ್ತದೆ ಬಿಡು ಎಂದುಕೊಂಡೆ. ನಮ್ಮ ಡ್ರೈವರಣ್ಣ ವಯಸ್ಸಾದವನು. ಎಲೆಅಡಿಕೆ ಜಗಿಯುತ್ತ ಕನ್ನಡಿಯಲ್ಲಿ ನನ್ನ ಮುಖ ನೋಡಿ, “ಲೇ, ಸವತಿ ಬಂದ್ಲಲ್ಲೋ” ಅಂದ. ಬಸ್ಸಿನಲ್ಲಿದ್ದ ನಾಲ್ಕಾರು ಗಂಡಸರು ನಕ್ಕರು. ನಾನೂ ನಕ್ಕೆ. ಅದೇ ಕೊನೆ. ಆಮೇಲೆ ಬಹಳ ದಿನ ನಗಲಿಲ್ಲ.

ಮೋಜು ಇಳಿಯಲಿಲ್ಲ. ಹೆಂಡತಿ ಹತ್ತಿದ ಬಸ್ಸಿಗೆ ಗಂಡನೂ ಹತ್ತುತ್ತಾನೆ, ಮಕ್ಕಳೂ ಹತ್ತುತ್ತವೆ, ಹೀಗಾಗಿ ಮನೆಮನೆಯೇ ಅತ್ತ ಕಡೆ ಹೋಯಿತು. ಕೆಂಪು ಬಸ್ಸು ತಡವಾದ ದಿನ ನಾವು ಮುಂದಾಗುತ್ತಿದ್ದೆವು. ನಿಲ್ದಾಣಗಳಲ್ಲಿ ಹೆಂಗಸರ ಗುಂಪು ನಿಂತಿರುತ್ತಿತ್ತು. ನಾನು ಬಾಗಿಲಲ್ಲಿ ನೇತಾಡುತ್ತ “ಹೊನ್ನಾಳಿ ಹೊನ್ನಾಳಿ ನ್ಯಾಮತೀ” ಎಂದು ಕೂಗಿದರೆ ಒಬ್ಬಳು ಆಕಾಶ ನೋಡುತ್ತಾಳೆ, ಇನ್ನೊಬ್ಬಳು ಮೊಬೈಲು ತೆಗೆಯುತ್ತಾಳೆ, ಮತ್ತೊಬ್ಬಳು ಬಗ್ಗಿ ಕಾಲಲ್ಲಿ ಇಲ್ಲದ ಮುಳ್ಳನ್ನು ಕೀಳುತ್ತಾಳೆ. ಹೆರಿಗೆ ನೋವಿನಲ್ಲಿ ನಮ್ಮ ಬಸ್ಸಿನಲ್ಲೇ ಆಸ್ಪತ್ರೆಗೆ ಹೋದವಳು ಆ ಮುಳ್ಳಿನವಳು. ಆ ದಿನ ಮಧ್ಯೆ ಎಲ್ಲೂ ನಿಲ್ಲಿಸದೆ ಗಾಡಿ ಓಡಿಸಿದ್ದೆವು. ಈಗ ನನ್ನ ಮುಖ ನೋಡಿದರೆ ಎಲ್ಲಿ ಹತ್ತಬೇಕಾಗುತ್ತದೋ ಎಂದು ಮುಳ್ಳು ಕೀಳುತ್ತಿದ್ದಾಳೆ!

ಅಂಥದೇ ಒಂದು ದಿನ ಒಬ್ಬ ಅಜ್ಜಿ ನಮ್ಮ ಬಸ್ಸು ಹತ್ತಿದಳು. ಖುಷಿಯಿಂದ ಕೈಹಿಡಿದು ಹತ್ತಿಸಿ, ಮುಂದಿನ ಸೀಟಿನಲ್ಲಿ ಕೂರಿಸಿದೆ. ಅಜ್ಜಿ ಎಲೆಅಡಿಕೆ ಚೀಲದಿಂದ ಆಧಾರ್ ಕಾರ್ಡ್ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು.

“ಅಜ್ಜಿ, ಇದು ಪ್ರೈವೇಟು” ಅಂದೆ.

“ಅಯ್ಯೋ ಶಿವನೇ, ಕಣ್ಣು ಕಾಣ್ಲಿಲ್ಲಪ್ಪ, ನಿಲ್ಸು ನಿಲ್ಸು!” ಎಂದು ಸಗಣಿ ತುಳಿದವಳ ಹಾಗೆ ಇಳಿದುಬಿಟ್ಟಳು. ಇಳಿದು ಕಾಯುತ್ತ ನಿಂತಳು. ನಮ್ಮ ಗಾಡಿ ತಿರುವು ದಾಟುವವರೆಗೂ ಅವಳು ಹಿಂದಕ್ಕೆ, ಕೆಂಪು ಬಸ್ಸು ಬರುವ ದಿಕ್ಕಿಗೇ ನೋಡುತ್ತಿದ್ದಳು. ಕಣ್ಣು ಕಾಣುವುದಿಲ್ಲವಂತೆ.

ಬಸ್ಸು ಮಾತ್ರವಾಗಿದ್ದರೆ ಸಹಿಸುತ್ತಿದ್ದೆನೇನೋ. ಆ ಬಸ್ಸಿನ ಕಂಡಕ್ಟರ್ ಒಬ್ಬ ಹೆಂಗಸು. ಜಗಳೂರು ತಾಲ್ಲೂಕಿನ ಬಿಳಿಚೋಡಿನವಳು. ಖಾಕಿ ಅಂಗಿ, ಕೊರಳಿಗೆ ಟಿಕೆಟ್ ಮೆಷಿನ್ನು, ಬಾಯಿ ತುಂಬ ಮಾತು. “ಬರ್ರಮ್ಮ ಬರ್ರಿ, ಹಿಂದಕ್ಕೆ ನಡೀರಿ, ಹಿಂದೆ ಒಂದು ಊರೇ ಖಾಲಿ ಐತೆ” ಎನ್ನುತ್ತಿದ್ದಳು. ಹಿಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ, ಆದರೂ ಎಲ್ಲ ನಗುತ್ತ ಹಿಂದಕ್ಕೆ ಹೋಗುತ್ತಿದ್ದರು. ಅದೇ ಮಾತು ನಾನು ಹೇಳಿದ್ದರೆ ಬೈಯುತ್ತಿದ್ದರು. ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸುಗಳು ಅಕ್ಕಪಕ್ಕ ನಿಂತಾಗ ಆ ಬಸ್ಸಿನೊಳಗಿನ ನಗು ನಮ್ಮ ಖಾಲಿ ಸೀಟುಗಳವರೆಗೆ ಕೇಳುತ್ತಿತ್ತು. ಕೆಲಸ ಬಾರದವಳಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಬಲ್ಲವಳಾಗಿದ್ದಳು, ಅದೇ ಸಂಕಟ.

ಇದರ ಮೇಲೆ ನನ್ನ ಹೆಂಡತಿ. ಅವಳ ತವರು ಜಗಳೂರು. ಮೊದಲು ದೀಪಾವಳಿಗೊಮ್ಮೆ, ಊರ ಹಬ್ಬಕ್ಕೊಮ್ಮೆ ಹೋಗುತ್ತಿದ್ದವಳು ಈಗ ತಮ್ಮನ ಮಗುವಿಗೆ ಶೀತವಾದರೂ ಹೊರಡುತ್ತಾಳೆ. ದಾವಣಗೆರೆ ಸ್ಟ್ಯಾಂಡಿನಲ್ಲಿ ಒಮ್ಮೆ ಬಸ್ಸು ಕಾಯುವಾಗ ಈ ಕಂಡಕ್ಟರಮ್ಮ ರಜೆಗೆ ಊರಿಗೆ ಹೊರಟವಳು ಸಿಕ್ಕಿದ್ದಾಳೆ. ಮಾತಿಗೆ ಮಾತು ಸೇರಿ, ಇಬ್ಬರದೂ ಒಂದೇ ಕಡೆ ಎಂದು ತಿಳಿದು, ಇಳಿಯುವ ಹೊತ್ತಿಗೆ ಅಕ್ಕ ತಂಗಿ ಆಗಿಹೋಗಿದ್ದಾರೆ. ಮನೆಗೆ ಬಂದವಳು ಶೇಂಗಾ ಚಟ್ನಿಪುಡಿಯ ಡಬ್ಬಿ ಇಳಿಸುತ್ತ, “ಎಷ್ಟು ಒಳ್ಳೆ ಹೆಣ್ಣುಮಗಳು ರೀ ಆಕೆ! ಜನಾನ ಎಷ್ಟು ಚೆಂದ ನೋಡ್ಕಂತಾಳೆ!” ಅಂದಳು.

ನಾನು ಊಟ ಮಾಡುತ್ತಿದ್ದವನು ತಟ್ಟೆ ಸರಿಸಿದೆ. “ಕಂಡಕ್ಟರ್ ಹೆಂಡ್ತಿಯಾಗಿ ಫ್ರೀ ಬಸ್ಸಿಗೆ ಹತ್ತಾಕೆ ನಾಚ್ಕೆ ಆಗಲ್ವಾ ನಿನಗೆ?”

ಅವಳು ಡಬ್ಬಿ ತೆರೆದು ನನ್ನ ತಟ್ಟೆಗೆ ಒಂದು ಚಮಚ ಚಟ್ನಿಪುಡಿ ಹಾಕಿದಳು. ಸಿಟ್ಟಿರಲಿಲ್ಲ. “ಕಂಡಕ್ಟರ್ ಹೆಂಡ್ತಿಯಾಗಿ ಬಸ್ ಚಾರ್ಜಿಗೆ ಗಂಡನ ಮುಂದೆ ಕೈಚಾಚಿ ನಿಲ್ತಿದ್ನಲ್ಲ, ಆವಾಗ ಆಗ್ತಿತ್ತು ನಾಚ್ಕೆ” ಅಂದಳು. “ಈಗ ನನ್ನ ಮನಸ್ಸಿಗೆ ಬಂದಾಗ ನಮ್ಮವ್ವನ ಮುಖ ನೋಡಿ ಬರ್ತೀನಿ. ನಿಮ್ಮ ಹೊಟ್ಟೆ ಉರಿಗೆ ನಾನು ನಮ್ಮವ್ವನ್ನ ಬಿಡಾಕೆ ಆಗುತ್ತೇನ್ರಿ?”

ನಾನು ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡೆ. ಚಟ್ನಿಪುಡಿ ಚೆನ್ನಾಗಿಯೇ ಇತ್ತು.

ಅಷ್ಟರಲ್ಲಿ ಮಾಲೀಕರು ಕರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಡ್ರೈವರಣ್ಣನನ್ನೂ ನನ್ನನ್ನೂ ಕೂರಿಸಿಕೊಂಡು, ಬೆಳಗಿನ ಟ್ರಿಪ್ಪು ನಿಲ್ಲಿಸಿ ಗಾಡಿಯನ್ನು ಮದುವೆ ದಿಬ್ಬಣಗಳಿಗೆ ಬಾಡಿಗೆಗೆ ಬಿಡುವ ಯೋಚನೆ ಇದೆ ಅಂದರು. “ಹಂಗಂತ ನಿಮ್ಮ ಹೊಟ್ಟೆ ಮೇಲೆ ಹೊಡೆಯಲ್ಲ. ನೀವಿಬ್ರೂ ಓಡಿಸ್ತೀವಿ, ಜನ ಬಂದೇ ಬರ್ತಾರೆ ಅಂತ ನಂಬಿಕೆಯಿಂದ ಹೇಳಿದ್ರೆ ಓಡ್ಲಿ. ಅಮಾವಾಸ್ಯೆ ಕಳೆದ ಮೇಲೆ ಬಂದು ಹೇಳ್ರಿ.”

ಹೊರಗೆ ಬಂದ ಮೇಲೆ ಡ್ರೈವರಣ್ಣ, “ನಂಬಿಕೆ ಪಂಬಿಕೆ ನಿನ್ನ ಡಿಪಾರ್ಟ್‌ಮೆಂಟು. ನಾನು ಸ್ಟೇರಿಂಗ್ ಹಿಡಿಯೋನು, ನೀನು ರೈಟ್ ಅಂದ್ರೆ ಬಿಡ್ತೀನಿ, ಹೋಲ್ಡಾನ್ ಅಂದ್ರೆ ನಿಲ್ಲಿಸ್ತೀನಿ” ಅಂದ. ತಮಾಷೆಗೆ ಅಂದನೋ ನಿಜಕ್ಕೆ ಅಂದನೋ, ಹೊರೆ ನನ್ನ ತಲೆಯ ಮೇಲೆ ಬಂತು. ಜಗಳೂರಿನಲ್ಲಿ ಭಾವಮೈದುನ ಮೆಕ್ಕೆಜೋಳದ ವ್ಯಾಪಾರ ಮಾಡುತ್ತಾನೆ. ತೂಕದ ಹತ್ತಿರ ನಿಲ್ಲಲು ನಂಬಿಕಸ್ಥ ಆಳು ಬೇಕು, ಬಂದುಬಿಡಿ ಎಂದು ಕರೆಯುತ್ತಲೇ ಇದ್ದ. ಹೋಗಬಹುದಿತ್ತು. ಆದರೆ ನನ್ನನ್ನು ತಿನ್ನುತ್ತಿದ್ದದ್ದು ಸಂಬಳದ ಪ್ರಶ್ನೆಯಾಗಿರಲಿಲ್ಲ. ಈ ಹೆಂಗಸರು ಇಷ್ಟು ವರ್ಷ ಅಣ್ಣ, ತಮ್ಮ, ಅಪ್ಪಯ್ಯ ಎಂದು ಕರೆದದ್ದು ಬೇರೆ ಬಸ್ಸು ಇಲ್ಲದ್ದಕ್ಕೋ, ಅಥವಾ ನಾನು ಅವರಿಗೆ ಯಾರಾದರೂ ಆಗಿದ್ದೆನೋ? ಅದು ತಿಳಿಯದೆ ಇರಲೂ ಆಗುತ್ತಿರಲಿಲ್ಲ, ಬಿಟ್ಟು ಹೋಗಲೂ ಆಗುತ್ತಿರಲಿಲ್ಲ.

ಆ ವಾರವೇ ಹೂವಿನ ವಿಷಯ ಕಣ್ಣಿಗೆ ಬಿತ್ತು.

ಚನ್ನಗಿರಿಯ ಹೂವಿನಕ್ಕ ನಮ್ಮ ಹಳೇ ಗಿರಾಕಿ. ಹೊನ್ನಾಳಿ ಪೇಟೆಯಲ್ಲಿ ಹೂವು ಮಾರುತ್ತಾಳೆ. ಡ್ರೈವರ್ ಹಿಂದಿನ ಸೀಟು ಅವಳದು. ಬುಟ್ಟಿ ಕಾಲ ಬಳಿ ಇಟ್ಟುಕೊಂಡು, ಹೊನ್ನಾಳಿ ಸೇತುವೆ ಬರುವಷ್ಟರಲ್ಲಿ ಬಿಡಿ ಹೂವನ್ನೆಲ್ಲ ಮಾಲೆ ಕಟ್ಟಿ ಮುಗಿಸುತ್ತಿದ್ದಳು. ಮೊದಲ ಮಾಲೆ ನಮ್ಮ ಬಸ್ಸಿನ ದೇವರ ಫೋಟೊಗೆ. ಹಬ್ಬದಲ್ಲಿ ಹೂವಿನ ಬೆಲೆ ಗಗನಕ್ಕೇರಿದ್ದಾಗಲೂ ಒಂದು ಮೊಳ ತಪ್ಪಿಸಿದವಳಲ್ಲ. ಅವಳೂ ಫ್ರೀ ಬಸ್ಸಿಗೆ ಹೋದ ಮೇಲೆ ನಮ್ಮ ಫೋಟೊಗೆ ಡ್ರೈವರಣ್ಣ ಪ್ಲಾಸ್ಟಿಕ್ ಹಾರ ತಂದು ಹಾಕಿದ್ದ. ಅವಳು ಹೋದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಆ ದಿನ ಹೊನ್ನಾಳಿ ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸಿನ ಮುಂದೆ ಹಾದು ಹೋಗುವಾಗ ಗಾಜಿನೊಳಗೆ ಕಂಡಿತು: ಸೇವಂತಿಗೆ ಮಾಲೆ, ಮಧ್ಯೆ ಮಧ್ಯೆ ಮರುಗ. ಅವಳ ಕೈಕಟ್ಟೇ. ಸೀಟು ಬಿಟ್ಟುಕೊಟ್ಟರೆ ಕೊಡಲಿ, ನಮ್ಮ ದೇವರ ಹೂವನ್ನೂ ಅವರಿಗೇ ಕೊಡಬೇಕೆ?

ನೆಟ್ಟಗೆ ಪೇಟೆಗೆ ಹೋದೆ. ಹೂವಿನಕ್ಕ ಬುಟ್ಟಿಯ ಮೇಲೆ ನೀರು ಚಿಮುಕಿಸುತ್ತಿದ್ದಳು.

“ಏನಕ್ಕ, ಆ ಬಸ್ಸಿಗೂ ಹೂವಾ?” ಅಂದೆ. ನನ್ನ ದನಿ ನನಗೇ ಅಸಹ್ಯವಾಗುವಷ್ಟು ತೆಳ್ಳಗಿತ್ತು.

“ಹೂಂ ಮತ್ತೆ. ಬಿಟ್ಟಿ ಕರ್ಕಂಡು ಬರ್ತಾರೆ. ಬರಿಗೈಲಿ ಹೆಂಗಪ್ಪ ಕೂರೋದು? ಟಿಕೀಟಿನ ಬದ್ಲು ಹೂವು.”

“ನಮಗೆ ಕೊಡ್ತಿದ್ದೆ.”

“ಕೊಡ್ತಿದ್ದೆ” ಅಂದಳು. ನೀರಿನ ಚೆಂಬು ಕೆಳಗಿಟ್ಟಳು. “ನಿಮ್ಮ ಬಸ್ನಾಗೆ ಟಿಕೀಟಿಗೆ ದುಡ್ಡೂ ಕೊಟ್ಟು, ಮೇಲೆ ಹೂವೂ ಕೊಡ್ತಿದ್ದೆ. ಅದಕ್ಕೆ ಏನಂತ ಹೆಸ್ರು ಇಟ್ಕಂಡಿದ್ದೆ ತಮ್ಮ ನೀನು?”

ಅವಳು ಬಿಡಲಿಲ್ಲ.

“ಬಡವಿ, ಉಳೀತೈತೆ ಅಂತ ಆ ಬಸ್ಸು ಹತ್ತಿದ್ರೆ ನೀನು ಮುಖ ತಿರುಗಿಸ್ಕಂಡು ಹೋಗ್ತೀಯ. ನಾವೇನು ನಿನ್ನ ಕಟ್ಕಂಡು ಬಿಟ್ಟೋಗಿದೀವಾ? ನಮಗೂ ನಿನ್ನ ಮುಖ ನೋಡಾಕೆ ಸಂಕೋಚ ಆಗುತ್ತೆ. ಅದಕ್ಕೇ ಎಲ್ರೂ ಅತ್ಲಾಗೆ ನೋಡ್ತಾರೆ. ಗೊತ್ತಾಗಲ್ವಾ ಅಷ್ಟೂ?”

ಪಕ್ಕದ ನಿಂಬೆಹಣ್ಣಿನವಳು ಕಿಸಕ್ಕನೆ ನಕ್ಕಳು. ನಾನು ಬಿರಬಿರನೆ ವಾಪಸು ಬಂದೆ. ಸಿಟ್ಟು ಇಳಿದಿರಲಿಲ್ಲ, ಆದರೆ ಎಲ್ಲಿ ಇಡಬೇಕೋ ತಿಳಿಯದಾಗಿತ್ತು. ಮುಳ್ಳು ಕೀಳುವುದು ತಿರಸ್ಕಾರವಲ್ಲ, ಸಂಕೋಚ ಎಂದು ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ.

ಮಾರನೇ ದಿನ ಹೂವಿನಕ್ಕ ಚನ್ನಗಿರಿ ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸು ಹತ್ತುವ ಮೊದಲು ನಮ್ಮ ಬಸ್ಸಿನ ಹತ್ತಿರ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಬುತ್ತಿ. ನ್ಯಾಮತಿಯಲ್ಲಿ ಮಗಳಿದ್ದಾಳೆ, ಎಂಟು ತಿಂಗಳ ಬಸುರಿ, ಹುಳಿಸೊಪ್ಪಿನ ಸಾರು ಬೇಕೆನಿಸಿದೆಯಂತೆ. ಕೆಂಪು ಬಸ್ಸು ನ್ಯಾಮತಿಗೆ ಹೋಗುವುದಿಲ್ಲ. ಹೋದರೂ ಜೊತೆಗೆ ಜನವಿಲ್ಲದ ಗಂಟನ್ನು ಹಾಕಿಕೊಳ್ಳುವುದು ಅವರ ರೂಲ್ಸಿನಲ್ಲಿ ಇಲ್ಲ. ಬುತ್ತಿಯನ್ನು ನನ್ನ ಕೈಗಿಟ್ಟು, ಹೋಗಿ ಆ ಬಸ್ಸಿನಲ್ಲಿ ಕೂತಳು.

ನನಗೆ ಮತ್ತೆ ಮೈ ಉರಿಯಿತು. ಇವರು ಆ ಬಸ್ಸಿನಲ್ಲಿ ಕೂರುವುದು, ಇವರ ಸಾರು ನನ್ನ ಬಸ್ಸಿನಲ್ಲಿ ಕೂರುವುದು! ಡ್ರೈವರಣ್ಣನಿಗೆ ಹಾಗೇ ಅಂದೆ. ಅವನು ಬುತ್ತಿಯನ್ನು ಇಸಿದುಕೊಂಡು ಎಂಜಿನ್ ಬಾನೆಟ್ಟಿನ ಮೇಲೆ, ಬೆಚ್ಚಗಿರಲೆಂದು, ಜೋಪಾನವಾಗಿ ಇಟ್ಟ. “ಸೀಟು ಎಲ್ಲಿ ಬೇಕಾದ್ರೂ ಸಿಗುತ್ತೆ ಕಣೋ. ಬಸುರಿ ಮಗಳಿಗೆ ತಿನ್ನಾಕೆ ಕಳ್ಸೋದನ್ನ ಕಂಡಕಂಡವರ ಕೈಗೆ ಕೊಡ್ತಾರಾ?”

ನಿಧಾನವಾಗಿ ಬೇರೆಯವರೂ ತಂದರು. ಆಕಾಶ ನೋಡುತ್ತಿದ್ದವಳು ಕಷಾಯದ ಪುಡಿ ತಂದಳು. ಹೊಲಿಗೆ ಹಾಕಲು ಕೊಡುವ ರವಿಕೆ, ಮರೆತುಬಂದ ಕನ್ನಡಕ, ಗೃಹಪ್ರವೇಶದ ಕರೆಯೋಲೆ ಬಂದವು. ಖಾಲಿ ಸೀಟುಗಳ ಮೇಲೆ ಗಂಟುಗಳು ಕೂತವು. ಒಂದೊಂದು ಗಂಟು ಯಾರದೆಂದು ನೋಡಿದರೇ ಗೊತ್ತಾಗುತ್ತಿತ್ತು. ನನ್ನ ಹೊಟ್ಟೆಕಿಚ್ಚಿನ ಜೊತೆಗೇ ಒಂದು ಸಣ್ಣ ಸಮಾಧಾನವೂ ಓಡಾಡತೊಡಗಿತು. ಆದರೂ ಮನುಷ್ಯರ ಬದಲು ಗಂಟು ಸಾಕು ಎಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗೆ ಇರಲಿಲ್ಲ, ಈಗಲೂ ಇಲ್ಲ. ಅಮಾವಾಸ್ಯೆ ಕಳೆಯಿತು. ಇನ್ನು ಸಾಕು, ಜಗಳೂರಿಗೆ ಹೋಗುವುದೇ ಸರಿ ಎಂದುಕೊಂಡೆ. ಸಂಜೆ ಮಾಲೀಕರಿಗೆ ಟಿಕೆಟ್ ಚೀಲ ಒಪ್ಪಿಸಿ, ಕೆಲಸ ಬಿಟ್ಟು ಬರುತ್ತೇನೆಂದು ಹೆಂಡತಿಗೆ ಹೇಳಿ ಬೆಳಿಗ್ಗೆ ಹೊರಟೆ.

ಅವಳು ಬಾಗಿಲವರೆಗೆ ಬಂದು, “ನನ್ನ ತವರಿಗೆ ಬಂದು ಕೂತು ಅಲ್ಲಿಯ ಬಸ್ಸುಗಳ ಮೇಲೆ ಹೊಟ್ಟೆ ಉರ್ಕಬ್ಯಾಡ್ರಿ ಮತ್ತೆ” ಅಂದಳು. ಆಮೇಲೆ ದನಿ ತಗ್ಗಿಸಿ, “ನೋಡ್ರಿ, ನಿಮಗೆ ತೂಕದ ಮುಂದೆ ನಿಲ್ಲಾಕೆ ಬರಲ್ಲ. ಬಾಗ್ಲಾಗೆ ನಿಲ್ಲಾಕೇ ಬರೋದು” ಅಂದಳು.

ಹೊನ್ನಾಳಿ ಇನ್ನೂ ಒಂದಷ್ಟು ದೂರವಿರುವಾಗ ಮುಂದೆ ಕೆಂಪು ಬಸ್ಸು ರಸ್ತೆ ಪಕ್ಕ ನಿಂತಿತ್ತು. ಕೆಳಗಿನಿಂದ ಎಣ್ಣೆ ಸೋರಿ ಡಾಂಬರಿನ ಮೇಲೆ ಹರಿದಿತ್ತು. ಅದರ ಡ್ರೈವರ್ ಗಾಡಿಯ ಅಡಿಗೆ ತೂರಿದ್ದ. ಹೆಂಗಸರೆಲ್ಲ ಹೊಂಗೆ ಮರದ ಇಷ್ಟೇ ಇಷ್ಟು ನೆರಳಿನಲ್ಲಿ ಒತ್ತಿಕೊಂಡು ನಿಂತಿದ್ದರು. ನಾನು ಮನಸ್ಸಿನಲ್ಲಿ ಎಷ್ಟೋ ಸಲ ನೋಡಿಕೊಂಡಿದ್ದ ದೃಶ್ಯ ಅದು. ಆ ನನ್ನ ಕನಸಿನಲ್ಲಿ ನಮ್ಮ ಗಾಡಿ ಧೂಳೆಬ್ಬಿಸಿಕೊಂಡು ಮುಂದೆ ಹೋಗುತ್ತಿತ್ತು.

ಡ್ರೈವರಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದ.

“ಹೋಲ್ಡಾನ್” ಅಂದೆ.

ಯಾರೂ ಮುಂದೆ ಬರಲಿಲ್ಲ. ನೆಲ ನೋಡುತ್ತ ನಿಂತರು. ನಾನೇ ಇಳಿದು, “ಹತ್ರಿ ಅಕ್ಕಾರ, ಮುಳ್ಳು ಹೊನ್ನಾಳಿಗೆ ಹೋಗಿ ಕಿತ್ಕಳ್ಳೋರಂತೆ” ಅಂದೆ. ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ ನುಗ್ಗಿದರು. ಅಭ್ಯಾಸ ನೋಡಿ, ಹತ್ತುತ್ತಲೇ ಒಬ್ಬೊಬ್ಬರೂ ಆಧಾರ್ ಕಾರ್ಡ್ ಎತ್ತಿ ತೋರಿಸಿದರು! “ಒಳಗಿಟ್ಕಳ್ರಿ, ನಿಮ್ಮ ಮುಖ ನನಗೆ ಕಾರ್ಡಿಲ್ಲದೇ ಗೊತ್ತು” ಎಂದು ಗದರಿದೆ. ಟಿಕೆಟ್ಟಿಗೆ ಕೊಟ್ಟವರು ಕೊಟ್ಟರು, ಕೊಡದವರನ್ನು ಕೇಳಲಿಲ್ಲ. ಗಂಟುಗಳನ್ನು ಎತ್ತಿ ಎತ್ತಿ ಅವರವರ ಮಡಿಲಿಗೇ ಇಟ್ಟೆ. ಹೂವಿನಕ್ಕ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, “ಈ ಪಿಲಾಸ್ಟಿಕ್ಕು ಯಾರು ಹಾಕಿದ್ದು, ತೆಗೀರಿ ಅತ್ಲಾಗೆ” ಎಂದು ಡ್ರೈವರಣ್ಣನನ್ನು ತರಾಟೆಗೆ ತೆಗೆದುಕೊಂಡಳು.

ಕಂಡಕ್ಟರಮ್ಮ ಮಾತ್ರ ಹತ್ತುವ ಹಾಗಿರಲಿಲ್ಲ. ಗಾಡಿ ಬಿಟ್ಟು ಬರಬಾರದು. ಕೊನೆಯ ಅಜ್ಜಿಯನ್ನು ತಾನೇ ಎತ್ತಿ ನನ್ನ ಕೈಗೆ ಒಪ್ಪಿಸಿ, ಬೆವರು ಒರೆಸಿಕೊಂಡಳು. ಅಷ್ಟು ಹತ್ತಿರದಿಂದ ನಾನು ಅವಳನ್ನು ನೋಡಿರಲಿಲ್ಲ. ನಿಂತು ನಿಂತು ಕಾಲುಗಳು ಊದಿದ್ದವು, ನನ್ನವು ಊದುವ ಹಾಗೇ.

“ಅಣ್ಣಾರ, ಉಪಕಾರ ಆತು” ಅಂದಳು. ಆಮೇಲೆ ನಮ್ಮ ಬಸ್ಸಿನ ಕಿಟಕಿಗಳ ಕಡೆ ನೋಡಿದಳು. ಒಳಗೆ ಆಗಲೇ ಜೋರು ಮಾತು, ನಗು ಶುರುವಾಗಿತ್ತು.

“ಒಂದು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ” ಅಂದಳು. “ಇವ್ರು ನನ್ನ ಬಸ್ನಾಗೆ ಕುಂತ್ಕಂಡು ದಿನಾ ನಿಮ್ಮದೇ ಮಾತಾಡ್ತಾರೆ. ಒಂದು ಸ್ಟಾಪು ನಿಲ್ಲಿಸ್ಲಿಲ್ಲ ಅಂದ್ರೆ, ‘ಬೆಳಗಿನ ಗಾಡಿ ಕಂಡಕ್ಟ್ರಾಗಿದ್ರೆ ನಿಲ್ಲಿಸ್ತಿದ್ದ’ ಅಂತಾರೆ. ಒಂದು ಗಂಟು ಬ್ಯಾಡ ಅಂದ್ರೆ, ‘ಆತ ಇಸ್ಕಂತಿದ್ದ’ ಅಂತಾರೆ. ನಾನೂ ಎಷ್ಟು ನಗಿಸ್ತೀನಿ, ಎಷ್ಟು ಚೆಂದ ನೋಡ್ಕಂತೀನಿ! ಬಿಟ್ಟಿ ಕರ್ಕಂಡು ಬರೋಳು ನಾನು, ಹೊಗಳೋದು ನಿಮ್ಮನ್ನ. ಕೇಳಿ ಕೇಳಿ ನನಗೆ ಹೊಟ್ಟೆ ಉರಿದು ಹೋಗೈತೆ ನೋಡ್ರಿ.”

ಚೀಲ ಒಪ್ಪಿಸುವ ಮಾತು ಅಲ್ಲೇ ಆ ರಸ್ತೆಯ ಮೇಲೆ ಬಿದ್ದುಹೋಯಿತು.

ಇವರೆಲ್ಲ ನಿನ್ನನ್ನೂ ಹೊಗಳುತ್ತಾರಮ್ಮ, ನನ್ನ ಹೆಂಡತಿಯಂತೂ ಊಟದ ಹೊತ್ತಿನಲ್ಲೂ ನಿನ್ನದೇ ಗುಣಗಾನ ಮಾಡುತ್ತಾಳೆ ಎಂದು ನಾನು ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಹೇಳಿದ್ದರೆ ಆ ಬಿಸಿಲಿನಲ್ಲಿ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇನ್ನೊಂದಿಷ್ಟು ದಿನ ಉರಿಯಲಿ ಎಂದುಕೊಂಡು ಬಾಗಿಲಿಗೆ ಹತ್ತಿ, ತಗಡು ಬಡಿದು, “ರೈಟ್” ಅಂದೆ.